ಏಳು ಎಣಿಸುವುದರೊಳಗೆ

ಒಂದೂರು. ಊರಿಗೊಬ್ಬ ದೊರೆ. ದೊರೆಗೊಂದು ಅರಮನೆ, ಅರಮನೆಗೊಂದು ಬಾವಿ, ಬಾವಿಯಿಂದ ದಿನಾ ನೂರು ಕೊಡ ನೀರು ಹೊರುವವಳು ಒಬ್ಬಳು. ನಮ್ಮಜ್ಜಿ ಕಥೆ ಶುರು ಮಾಡುತ್ತಿದ್ದದ್ದು ಹೀಗೆ. ಒಂದು ದಿನ ದೊರೆಯ ಕುದುರೆ ಅವಳನ್ನು ಒದೆಯಿತು. ಕೊಡ ಒಡೆಯಿತು. ಭುಜದ ಮೂಳೆಯೂ ಮುರಿಯಿತು. ಸುತ್ತ ಜನ ನೋಡುತ್ತಿದ್ದರು. ಜನ ನೋಡುವಾಗ ದೊರೆಗಳಿಗೆ ಕರುಣೆ ಉಕ್ಕುತ್ತದೆ. "ಅಳಬೇಡ ತಾಯಿ, ಒಂದು ದಿನ ನಿನ್ನ ಕೊಡ ನಾನೇ ಹೊರುತ್ತೇನೆ" ಅಂದ. ಜನ ಭೇಷ್ ಭೇಷ್ ಅಂದರು. ಅವಳು ಮೂಳೆ ಕೂಡಿಕೊಂಡ ಮೇಲೆ ಬಾವಿಕಟ್ಟೆಯ ಮೇಲೆ ಕೂತು ಕಾದಳು.

"ಆಮೇಲೆ ದೊರೆ ಹೊತ್ತನಾ ಅಜ್ಜಿ?"

"ನಾಳೆ ಹೇಳ್ತೀನಿ, ಮಲಕ್ಕೋ."

ಆ ನಾಳೆ ಬರಲೇ ಇಲ್ಲ. ಅಜ್ಜಿ ಕಥೆಯನ್ನು ಅರ್ಧಕ್ಕೇ ಬಿಟ್ಟು ಹೋದಳು. ಹೋಗುವ ಮುಂಚೆ ಒಂದೇ ಒಂದು ಸಲ ಇಷ್ಟು ಸೇರಿಸಿದ್ದಳು. ದೊರೆಗಳು ಕೊಟ್ಟ ಮಾತು ಮರೆಯೋದಿಲ್ಲ ಮಗಾ, ಯಾರಿಗೆ ಕೊಟ್ಟೆ ಅನ್ನೋದನ್ನ ಮರೀತಾರೆ.

ಉಳಿದರ್ಧ ನಾನು ಹೇಳುತ್ತೇನೆ. ನಾನು ಅರಮನೆ ನೋಡಿಲ್ಲ. ಕ್ರೀಡಾಂಗಣ ನೋಡಿದ್ದೇನೆ. ಅಲ್ಲಿ ಬಾವಿ ಇಲ್ಲ. ಬೆವರಿದೆ.

ಅಮ್ಮ ಮತ್ತು ನಾನು ನೆಲ ಒರೆಸುವವರು. ಬಕೆಟ್ಟು ಹಿಡಿದು ಒರೆಸುವ ಕೆಲಸ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ಜನ ಇದ್ದಾರೆ. ನಾವು ಬ್ಯಾಸ್ಕೆಟ್‌ಬಾಲ್ ಆಟ ನಡೆಯುವಾಗಲೇ ಒರೆಸುವವರು. ಈ ಕಡೆಯ ಬುಟ್ಟಿಯ ಕೆಳಗೆ ನಾನು, ಆ ಕಡೆಯ ಬುಟ್ಟಿಯ ಕೆಳಗೆ ಅಮ್ಮ. ಗೆರೆಯಾಚೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕುರ್ಚಿ ಇಲ್ಲ. ಕುರ್ಚಿ ಹಾಕಿದರೆ ಮುಂದಿನ ಸಾಲಿನ ಸೋಫಾದವರಿಗೆ ಆಟ ಕಾಣುವುದಿಲ್ಲ. ಚಪ್ಪಲಿ ಇಲ್ಲ. ಚಪ್ಪಲಿ ನೆಲಕ್ಕೆ ಗೀರು ಬೀಳಿಸುತ್ತದೆ. ನೀರು ಕುಡಿಯುವಂತಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಎದ್ದು ಹೋದರೆ ನೆಲ ಯಾರು ನೋಡಿಕೊಳ್ಳುತ್ತಾರೆ? ಹತ್ತು ಜನ ಗಂಡಸರು ಬೆವರು ಸುರಿಸುವುದನ್ನು ಎರಡು ಗಂಟೆ ಒಣ ಬಾಯಲ್ಲಿ ನೋಡುವುದು ನಮ್ಮ ಕೆಲಸ.

ಆಟಗಾರ ಬಿದ್ದರೆ ಅವನ ಬೆವರು ಮರದ ನೆಲಕ್ಕೆ ಅಂಟುತ್ತದೆ. ಅದರ ಮೇಲೆ ಇನ್ನೊಬ್ಬ ಕಾಲಿಟ್ಟರೆ ಜಾರುತ್ತಾನೆ. ಹಾಗಾಗಿ ನೆಲ ಒಣಗುವವರೆಗೆ ರೆಫರಿ ಆಟ ಶುರು ಮಾಡುವಂತಿಲ್ಲ. ಇದು ಆಟದ ನಿಯಮ. ಏಳು ಎಣಿಸುವುದರೊಳಗೆ ಒಣಗಿಸಬೇಕು. ಇದು ನಮ್ಮ ಮೇಸ್ತ್ರಿಯ ನಿಯಮ. ಎಡಗೈಲಿ ಒದ್ದೆ ಬಟ್ಟೆ, ಬಲಗೈಲಿ ಒಣ ಬಟ್ಟೆ. ಬಾಗಿಕೊಂಡೇ ಓಡಬೇಕು, ಕ್ಯಾಮೆರಾಕ್ಕೆ ಅಡ್ಡ ಬರಬಾರದು. ಒಂದು ಎರಡಕ್ಕೆ ಮಂಡಿಯೂರಿ, ಮೂರು ನಾಲ್ಕಕ್ಕೆ ಒದ್ದೆ ಬಟ್ಟೆ, ಐದು ಆರಕ್ಕೆ ಒಣ ಬಟ್ಟೆ, ಏಳಕ್ಕೆ ಮಾಯ. ಅಮ್ಮ ಹತ್ತೊಂಬತ್ತು ವರ್ಷ ಹೀಗೆ ಮಾಯವಾಗಿದ್ದಾಳೆ. ಈಗ ಮನೆಯಲ್ಲೂ ಬಾಗಿಕೊಂಡೇ ಓಡಾಡುತ್ತಾಳೆ, ಅಲ್ಲಿ ಯಾವ ಕ್ಯಾಮೆರಾವೂ ಇಲ್ಲದಿದ್ದರೂ.

ನಮ್ಮೂರಿನ ತಂಡದ ದೊಡ್ಡ ಆಟಗಾರನನ್ನು ಜನ ದೊರೆ ಅಂತಲೇ ಕರೆಯುವುದು. ಇಪ್ಪತ್ತು ವರ್ಷದಿಂದ ಅವನೇ ದೊರೆ. ಅಜ್ಜಿಯ ಕಥೆಯಲ್ಲಿ ರಾಜಕುಮಾರಿ ನಕ್ಕರೆ ಮುತ್ತು ಉದುರುತ್ತಿತ್ತು. ದೊರೆ ಬಿದ್ದರೆ ಬೆವರು ಉದುರುತ್ತಿತ್ತು, ಮುತ್ತಿಗಿಂತ ಹೆಚ್ಚು ಬೆಲೆ ಅದಕ್ಕೆ. ಆಟ ಮುಗಿದ ಮೇಲೆ ಅಭಿಮಾನಿಗಳು ಹಿಂದಿನ ಬಾಗಿಲಿಗೆ ಬಂದು ಅಮ್ಮನನ್ನು ಗೋಗರೆಯುತ್ತಿದ್ದರು, ದೊರೆಯ ಬೆವರು ಒರೆಸಿದ ಬಟ್ಟೆ ಕೊಡಮ್ಮ ಅಂತ. ಅಮ್ಮ ಕೈಗೆ ಸಿಕ್ಕಿದ ಬಟ್ಟೆ ಕೊಟ್ಟು ಕಳಿಸುತ್ತಿದ್ದಳು. ಬೆವರಿನ ಮೇಲೆ ಹೆಸರು ಬರೆದಿರುತ್ತದೆಯೇ? ಊರಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗಾಜಿನ ಪೆಟ್ಟಿಗೆಯೊಳಗೆ ಯಾವನೋ ಬದಲಿ ಆಟಗಾರನ ಬೆವರಿದೆ.

ದೊರೆಗೆ ಒಂದು ಅಭ್ಯಾಸ. ಆಟ ಬಿಗಿಯಾದಾಗ ಬೂಟಿನ ತಳ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ. ಬೇರೆಯವರು ಬಗ್ಗಿ ಅಂಗೈಯಿಂದ ಒರೆಸಿಕೊಳ್ಳುತ್ತಾರೆ. ದೊರೆ ಬಗ್ಗುವುದಿಲ್ಲ. ಬುಟ್ಟಿಯ ಕೆಳಗೆ ಬರುತ್ತಾನೆ. ಬಂದ ಅಂದರೆ ನಾವು ಒದ್ದೆ ಬಟ್ಟೆ ಹಾಸಿ, ಜಾರದಂತೆ ಎರಡೂ ಅಂಚು ಒತ್ತಿ ಹಿಡಿಯಬೇಕು. ಅವನು ಎಡಗಾಲು ಉಜ್ಜಿ, ಬಲಗಾಲು ಉಜ್ಜಿ, ಬುಟ್ಟಿಯನ್ನೇ ನೋಡುತ್ತ ಹೋಗುತ್ತಾನೆ.

ಹನ್ನೊಂದು ವರ್ಷದ ಹಿಂದೆ ಒಂದು ಸಲ ಅವನು ಉಜ್ಜುತ್ತಿರುವಾಗಲೇ ಸೀಟಿ ಕೇಳಿಸಿತು. ತಿರುಗಿ ಜಿಗಿದ. ಜಿಗಿಯಲು ಅವನು ಒತ್ತು ಕೊಟ್ಟಿದ್ದು ಬಟ್ಟೆಯ ಮೇಲಲ್ಲ, ಅಮ್ಮನ ಬಲಗೈ ಮೇಲೆ. ನೂರು ಕಿಲೋ ತೂಕದ ಆಳು. ಎರಡು ಬೆರಳು ಸೌದೆಯ ಹಾಗೆ ಲಟಕ್ ಅಂದವು. ಅಮ್ಮ ಕೂಗಲಿಲ್ಲ. ಕೂಗಿದರೆ ಆಟ ನಿಲ್ಲುತ್ತದೆ ಅಂತ ತುಟಿ ಕಚ್ಚಿಕೊಂಡಳು. ಆಟ ನಿಂತ ಮೇಲೆ ಮೇಸ್ತ್ರಿ ಕೇಳಿದ, ಕೈ ಯಾಕೆ ಅಲ್ಲಿಟ್ಟೆ ಅಂತ.

ಅವತ್ತು ಶಾಲೆಗೆ ರಜೆ. ನನ್ನ ತಮ್ಮ ಬಂದು, ಅಮ್ಮನ ಪಕ್ಕದಲ್ಲೇ ಕೂತಿದ್ದ. ಒಂಬತ್ತು ವರ್ಷ. ಅವನು ಅಳು ನಿಲ್ಲಿಸಲಿಲ್ಲ. ದೊರೆ ಬಂದ. ಕೆಟ್ಟವನಲ್ಲ ಅವನು, ಅದೇ ತೊಂದರೆ. ಅಯ್ಯೋ, ಗೊತ್ತೇ ಆಗಲಿಲ್ಲವಲ್ಲ ಅಂದ. ನಿಜ, ಕಾಲಡಿ ಇರುವುದು ಗೊತ್ತಾಗುವುದಿಲ್ಲ. ಕ್ಯಾಮೆರಾಗಳು ಬಂದವು. ತಮ್ಮನ ತಲೆ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಅಳಬೇಡ ಮರಿ. ನೀನು ದೊಡ್ಡವನಾಗಿ ನನ್ನೆದುರು ಆಡು. ಅವತ್ತು ನಿನ್ನ ಬೆವರು ನಾನೇ ಒರೆಸ್ತೀನಿ."

ಜನ ಚಪ್ಪಾಳೆ ತಟ್ಟಿದರು. ನನಗೆ ಅವನು ಅಜ್ಜಿಯ ಕಥೆಯಿಂದ ಎದ್ದು ಬಂದವನ ಹಾಗೆ ಕಂಡ.

ಆ ಪಟವನ್ನು ಕ್ರೀಡಾಂಗಣದ ಮುಂಬಾಗಿಲ ಗೋಡೆಗೆ ಹಾಕಿದರು. ಆಳೆತ್ತರದ ಪಟ. ದೊರೆಯ ಕೈ ಇತ್ತು, ತಮ್ಮನ ತಲೆ ಇತ್ತು. ಅಮ್ಮನ ಕೈ ಇದ್ದ ಜಾಗವನ್ನು ಕತ್ತರಿಸಿದ್ದರು. ಚೌಕಟ್ಟಿಗೆ ಹೊಂದಲಿಲ್ಲವಂತೆ.

ಬೆರಳು ಸೊಟ್ಟಗೆ ಕೂಡಿಕೊಂಡವು. ಅಮ್ಮ ಆ ಕೈಯಲ್ಲೇ ಬಟ್ಟೆ ಹಿಂಡಿ ನಮ್ಮನ್ನು ಸಾಕಿದಳು. ತಮ್ಮ ಮಾತ್ರ ದೊರೆಯ ಭಕ್ತನಾದ. ಹಾಸಿಗೆಯ ಪಕ್ಕ ದೊರೆ, ಕನ್ನಡಿಯ ಪಕ್ಕ ದೊರೆ, ತಲೆಗೂದಲೂ ದೊರೆಯ ಹಾಗೆ. ಅಮ್ಮನ ಸೊಟ್ಟ ಬೆರಳನ್ನು ಜೊತೆಯ ಹುಡುಗರಿಗೆ ತೋರಿಸಿ, ಇದು ದೊರೆ ತುಳಿದ ಬೆರಳು ಅಂತ ಬೀಗುತ್ತಿದ್ದ. ಸ್ವಲ್ಪ ಬೆಳೆದ ಮೇಲೆ ಅವನೂ ಒರೆಸಲು ಬಂದ, ಬೆಳಗ್ಗೆ ಬಕೆಟ್ಟಿನವರ ಜೊತೆ, ಸಂಜೆ ನಮ್ಮ ಜೊತೆ. ಆಟಕ್ಕೆ ಮುಂಚೆ ಖಾಲಿ ನೆಲ ಒರೆಸುವಾಗ ಮೇಸ್ತ್ರಿಯ ಕಣ್ಣು ತಪ್ಪಿಸಿ ಚೆಂಡು ಹಿಡಿಯುತ್ತಿದ್ದ. ಹಾಗೆ ಕಲಿತದ್ದು. ಒರೆಸುತ್ತ ಒರೆಸುತ್ತ ಕಲಿತದ್ದು.

ಅಮ್ಮ ಕಥೆ ನಂಬುವವಳಲ್ಲ. ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿಯೂ ಅದು ಅವಳಿಗೆ ಅಂಟಲಿಲ್ಲ, ಒಂದು ತಲೆಮಾರು ಹಾರಿ ನನಗೆ ಬಂತು. ದೊರೆ ಕೊಟ್ಟ ಮಾತಿದೆಯಲ್ಲಮ್ಮ ಅಂತ ನಾನು ಅಂದಾಗೆಲ್ಲ, ಅದು ಫೋಟೋಕ್ಕೆ ಕೊಟ್ಟ ಮಾತು ಕಣೇ, ಫೋಟೋ ತೆಗೆದ ಮೇಲೆ ಮುಗೀತು ಅನ್ನುತ್ತಿದ್ದಳು.

ಈ ವರ್ಷ ಪಕ್ಕದೂರಿನ ಒಂದು ಸಣ್ಣ ತಂಡ ತಮ್ಮನನ್ನು ಸೇರಿಸಿಕೊಂಡಿತು. ಅವರ ಆಟಗಾರನೊಬ್ಬನ ಪಾದ ಉಳುಕಿತ್ತು. ಮೊದಲ ದೊಡ್ಡ ಪಂದ್ಯವೇ ನಮ್ಮ ಕ್ರೀಡಾಂಗಣದಲ್ಲಿ, ದೊರೆಯ ಎದುರಿಗೆ.

ಅವತ್ತು ಮಧ್ಯಾಹ್ನ ಅವನ ತಂಡದ ಬಸ್ಸು ಮುಂಬಾಗಿಲಲ್ಲಿ ನಿಂತಿತು. ಎಲ್ಲರೂ ಅಲ್ಲಿಂದ ಒಳಗೆ ಹೋದರು. ಇವನು ಇಳಿದವನೇ ಕಟ್ಟಡ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬಂದ. ಯಾರೂ ತಡೆದಿರಲಿಲ್ಲ. ಕಾಲು ತಾನಾಗಿ ಬಂತು. ಬಂದು ನಮ್ಮ ಬಟ್ಟೆ ಕೋಣೆಯಲ್ಲಿ, ಬಕೆಟ್ಟುಗಳ ನಡುವೆ ನಿಂತು, ಹೊಸ ಬನಿಯನ್ನು ಹಾಕಿಕೊಂಡ. ಬೆನ್ನ ಮೇಲೆ ನಲವತ್ತೊಂದು. ಕಾವಲುಗಾರ ತಲೆ ಹಾಕಿ, ಏನೋ, ಇವತ್ತು ಒರೆಸೋರಿಗೆಲ್ಲ ನಂಬರ್ ಕೊಟ್ಟಿದಾರಾ ಅಂದ. ತಮ್ಮನೂ ನಕ್ಕ. ಅವನ ಕೋಚು ಅವನನ್ನು ಹುಡುಕಿ ಹುಡುಕಿ ಕೊನೆಗೆ ಅಲ್ಲಿಗೆ ಬಂದಾಗ ಯಾರೂ ನಗಲಿಲ್ಲ.

ಆಟ ಶುರುವಾಯಿತು. ದೊರೆಗೆ ಈಗ ವಯಸ್ಸಾಗಿದೆ. ಎರಡೂ ಮಂಡಿಗೆ ಪಟ್ಟಿ. ಆದರೂ ಅವನು ಚೆಂಡು ಹಿಡಿದು ಬಂದರೆ ತಮ್ಮ ತಡೆಯುವ ಬದಲು ದಾರಿ ಬಿಡುತ್ತಿದ್ದ. ಹಿರಿಯರು ಎದುರು ಬಂದಾಗ ಓಣಿಯಲ್ಲಿ ಗೋಡೆಗೊರಗಿ ನಿಲ್ಲುತ್ತೇವಲ್ಲ, ಹಾಗೆ. ದೊರೆ ಬುಟ್ಟಿಗೆ ಹಾಕಿದಾಗ ಇವನ ಮುಖ ಅರಳುತ್ತಿತ್ತು.

ಆಮೇಲೆ ಅದು ನಡೆಯಿತು. ನನ್ನ ಕಡೆಯ ಬುಟ್ಟಿಯ ಹತ್ತಿರ ದೊರೆ ಜಾರಿ ಬಿದ್ದ. ಎದ್ದು ನಿಂತ. ನೆಲದ ಮೇಲೆ ಬೆವರು. ನಾನು ಬಾಗಿಕೊಂಡು ಓಡಿದೆ. ಅಷ್ಟರಲ್ಲಿ ತಮ್ಮ ಮಂಡಿಯೂರಿ, ಬನಿಯನ್ನಿನ ಅಂಚು ಹಿಡಿದು ಒರೆಸುತ್ತಿದ್ದ. ಒಂದು ಎರಡಕ್ಕೆ ಮಂಡಿ, ಮೂರು ನಾಲ್ಕು. ನಲವತ್ತೊಂದನೇ ನಂಬರಿನವನು ಎಂಟು ಸಾವಿರ ಜನರ ಮುಂದೆ ನೆಲ ಒರೆಸುತ್ತಿದ್ದ.

ಮೊದಲು ಒಬ್ಬ ನಕ್ಕ. ಆಮೇಲೆ ಎಂಟು ಸಾವಿರ ಜನವೂ ನಕ್ಕರು. ಯಾರೋ "ಬಟ್ಟೆ" ಅಂತ ಕೂಗಿದ. ಬಟ್ಟೆ, ಬಟ್ಟೆ ಅಂತ ಇಡೀ ಕ್ರೀಡಾಂಗಣ ತಾಳ ಹಾಕಿತು. ದೊರೆಗೂ ನಗು ಬಂತು. ಹೇಗೂ ಬಗ್ಗಿದೀಯಲ್ಲಪ್ಪ ಅಂತ, ತಮ್ಮನ ಬಾಗಿದ ತೊಡೆಯ ಮೇಲೆ ಬೂಟಿನ ತಳ ಇಟ್ಟು, ಎಡಗಾಲು ಉಜ್ಜಿ, ಬಲಗಾಲು ಉಜ್ಜಿ ಹೋದ. ಸಿಟ್ಟಿಂದಲ್ಲ. ತಮಾಷೆಗೆ.

ತಮ್ಮನೂ ನಗುತ್ತಿದ್ದ. ಅದನ್ನು ನಾನು ನೋಡಬಾರದಿತ್ತು.

ಅರ್ಧ ಆಟ ಮುಗಿದಾಗ ನಾನು ತಮ್ಮನ ತಂಡದ ಬೆಂಚಿನ ಮುಂದೆ ಒರೆಸುತ್ತಿದ್ದೆ. ಒರೆಸುವವಳು ಇದ್ದಾಳೆ ಅಂತ ಯಾರೂ ಮಾತು ನಿಲ್ಲಿಸುವುದಿಲ್ಲ. ಕೋಚು ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೇ ಹೇಳಿದ. "ನೋಡು, ನಿನಗೆ ಆಡೋಕೆ ಬರುತ್ತೆ ಅಂತ ಕರ್ಕೊಂಡು ಬಂದೆ. ಇನ್ನೊಂದು ಸಲ ನೆಲಕ್ಕೆ ಬಗ್ಗಿದರೆ ನಾಳೆಯಿಂದ ಅದನ್ನೇ ಮಾಡ್ಕೊಂಡಿರು. ಬಸ್ಸಲ್ಲಿ ನಿನಗೆ ಜಾಗ ಇಲ್ಲ."

ಕೋಚು ಹೋದ ಮೇಲೆ ತಮ್ಮ ನನ್ನ ಕಡೆ ನೋಡದೆ ಹೇಳಿದ, "ಅಕ್ಕ, ಬೇಕು ಅಂತ ಮಾಡಲಿಲ್ಲ. ಬೆವರು ಕಂಡರೆ ಮಂಡಿ ತಾನೇ ಮಡಚಿಕೊಳ್ಳುತ್ತೆ."

ನಾನು ಒರೆಸುತ್ತಲೇ, ನಿನ್ನ ತೊಡೆ ನೋಡಿಕೋ ಅಂದೆ. ಎರಡು ಬೂಟಿನ ಕೊಳೆ ಅಲ್ಲಿ ಅಚ್ಚಾಗಿತ್ತು. ಅಮ್ಮನ ಕೈ ಮೇಲೂ ಅವತ್ತು ಇದೇ ಅಚ್ಚು ಇತ್ತು, ರಕ್ತ ಬಂದು ತೊಳೆದುಹೋಯಿತು ಅಂದೆ. ಅವನು ಅಚ್ಚನ್ನು ಬಹಳ ಹೊತ್ತು ನೋಡಿದ. ಒರೆಸಿಕೊಳ್ಳಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಆ ಮರದ ನೆಲದಲ್ಲಿ ಒಂದು ಸತ್ತ ಹಲಗೆ ಇದೆ. ಎಡಮೂಲೆಯಿಂದ ಐದು ಮಾರು. ಅದರ ಅಡಿಯ ಪಟ್ಟಿ ಸಡಿಲವಾಗಿದೆ, ಚೆಂಡು ಬಡಿದರೆ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಇಪ್ಪತ್ತು ವರ್ಷ ಆಡಿದ ದೊರೆಗೆ ಅದು ಗೊತ್ತಿಲ್ಲ. ಅವನು ನೆಲದ ಮೇಲೆ ನಿಂತವನು. ನಾವು ನೆಲವನ್ನು ಅಂಗೈಯಿಂದ ಬಲ್ಲವರು. ಒರೆಸುವಾಗ ಅಲ್ಲಿ ಕೈ ಒತ್ತಿದರೆ ಹಲಗೆ ಮುದುಕನ ಹಾಗೆ ನರಳುತ್ತದೆ.

ಎರಡನೇ ಅರ್ಧದಲ್ಲಿ ತಮ್ಮ ದಾರಿ ಬಿಡಲಿಲ್ಲ. ಬಲಕ್ಕೆ ಅಡ್ಡ ನಿಂತು ದೊರೆಯನ್ನು ಎಡಕ್ಕೆ ತಳ್ಳಿದ. ಇನ್ನೂ ಎಡಕ್ಕೆ. ಸತ್ತ ಹಲಗೆಯ ಮೇಲೆ ದೊರೆ ಚೆಂಡು ಬಡಿದ, ಅದು ಕೈಗೆ ಬರಲಿಲ್ಲ. ಇವನ ಕೈಗೆ ಬಂತು. ಓಡಿಹೋಗಿ ಹಾಕಿಬಿಟ್ಟ. ಜನ ಅದೃಷ್ಟ ಅಂದರು. ಮತ್ತೊಮ್ಮೆ ಅಲ್ಲಿಗೇ ತಂದ, ಮತ್ತೆ ಕಿತ್ತುಕೊಂಡ. ಮೂರನೇ ಸಲವೂ ಕಿತ್ತುಕೊಂಡಾಗ ಬಟ್ಟೆ ಬಟ್ಟೆ ಅನ್ನುತ್ತಿದ್ದ ಬಾಯಿಗಳು ಮುಚ್ಚಿದವು. ದೊರೆ ನೆಲವನ್ನು ನೋಡಿದ. ಅವನು ನೆಲವನ್ನು ನೋಡಿದ್ದು ನಾನು ಕಂಡದ್ದು ಅದೇ ಮೊದಲು.

ನಾಲ್ಕನೇ ಸಲ ತಮ್ಮ ಚೆಂಡು ಹಿಡಿದು ನನ್ನ ಬುಟ್ಟಿಯತ್ತ ಹಾರಿದಾಗ ದೊರೆ ಹಿಂದಿನಿಂದ ಬಂದು ಗುದ್ದಿದ. ತಮ್ಮ ಬೆನ್ನಡಿಯಾಗಿ ಬಿದ್ದು ಜಾರುತ್ತ ನನ್ನ ಕಾಲ ಹತ್ತಿರಕ್ಕೆ ಬಂದ. ಸೀಟಿ. ತಪ್ಪು ದೊರೆಯದು, ತಮ್ಮನಿಗೆ ಎರಡು ಎಸೆತ ಅಂತ ರೆಫರಿ ಬೆರಳು ತೋರಿಸಿದ. ನೆಲದ ಮೇಲೆ ತಮ್ಮನ ಬೆನ್ನಿನ ಉದ್ದಕ್ಕೂ ಬೆವರು. ಮನುಷ್ಯನೊಬ್ಬನ ನೆರಳು ಬಿದ್ದ ಹಾಗಿತ್ತು.

ತಮ್ಮ ಎದ್ದು ಕೂತ. ಕೈ ಬನಿಯನ್ನಿನ ಅಂಚಿಗೆ ಹೋಯಿತು.

"ಕೈ ತೆಗಿ" ಅಂದೆ. "ಇದು ನೀನು ಒರೆಸೋದಲ್ಲ."

ತೆಗೆದ. ಎದ್ದು ನಿಂತ. ನಾನು ಏಳಲಿಲ್ಲ. ಎರಡೂ ಬಟ್ಟೆ ತೊಡೆಯಡಿ ಹಾಕಿಕೊಂಡು ಕೂತೆ. ಒಂದು, ಎರಡು, ಮೂರು. ಏಳು ಆಯಿತು. ಹದಿನೇಳೂ ಆಯಿತು. ಮೇಸ್ತ್ರಿ ಮೊದಲು ಕಣ್ಣು ಬಿಟ್ಟ, ಆಮೇಲೆ ಹಲ್ಲು ಕಚ್ಚಿದ, ಆಮೇಲೆ ಹತ್ತಿರ ಬಂದು, ಕಾಲು ಜೋಮು ಹಿಡಿದಿದೆಯಾ ಅಂತ ಕೇಳಿದ. ಇಲ್ಲ ಅಂದೆ. ಮತ್ತೇನು ಅಂತ ಕೇಳಿದ. ಇದು ದೊರೆ ಒರೆಸಬೇಕಾದ ಬೆವರು, ಅವರು ಮಾತು ಕೊಟ್ಟಿದ್ದಾರೆ ಅಂದೆ. ನನ್ನ ತಲೆ ಕೆಟ್ಟಿದೆ ಅಂತ ಅವನಿಗೆ ಸಮಾಧಾನವಾಯಿತು. ಆ ಕಡೆಯ ಬುಟ್ಟಿಯತ್ತ ತಿರುಗಿ ಅಮ್ಮನಿಗೆ ಕೈ ಬೀಸಿದ.

ಅಮ್ಮ ಎದ್ದಳು. ಅಮ್ಮ ಕಥೆ ನಂಬುವವಳಲ್ಲ. ಬಂದು ಒರೆಸಿಬಿಡುತ್ತಾಳೆ, ಏಳು ಎಣಿಸುವುದರೊಳಗೆ.

ಆದರೆ ಅಮ್ಮ ಓಡಲಿಲ್ಲ. ಬಾಗಲೂ ಇಲ್ಲ. ಆ ತುದಿಯಿಂದ ಈ ತುದಿಗೆ, ನಡುಗೆರೆ ದಾಟಿ, ಎಲ್ಲ ಕ್ಯಾಮೆರಾಗಳಿಗೂ ಅಡ್ಡವಾಗಿ, ನೆಟ್ಟಗೆ ನಡೆದು ಬಂದಳು. ನಮ್ಮಮ್ಮ ಇಷ್ಟು ಎತ್ತರ ಇದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಬೆವರಿನ ಪಕ್ಕ ನಿಲ್ಲಲಿಲ್ಲ. ದೊರೆಯ ಮುಂದೆ ಹೋಗಿ ನಿಂತಳು. ಸೊಟ್ಟ ಬೆರಳುಗಳ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಚಾಚಿದಳು.

ದೊರೆ ನಕ್ಕ. "ಏನಮ್ಮಾ ಇದು, ಆಟ ನಡೀತಿದೆ."

"ನಿಂತಿದೆ ಸಾರ್. ಇದನ್ನ ಒರೆಸೋವರೆಗೂ ನಡಿಯಲ್ಲ."

"ಸರಿ, ಒರೆಸು ಮತ್ತೆ."

"ನೀವು ಒರೆಸಿ ಅಂತ ನಾನು ಹೇಳ್ತಿಲ್ಲ. ಒರೆಸ್ತೀನಿ ಅಂತ ನೀವು ಹೇಳಿದ್ರಿ. ಮುಂಬಾಗಿಲ ಪಟದಲ್ಲಿ ಹುಡುಗ ಇದಾನಲ್ಲ, ಇವನೇ ಅವನು. ಪಟದಲ್ಲಿ ಇಲ್ಲದ್ದು ಈ ಕೈ."

ದೊರೆ ಕೈ ನೋಡಿದ. ತಮ್ಮನ ಮುಖ ನೋಡಿದ. ತೊಡೆಯ ಮೇಲಿನ ತನ್ನದೇ ಬೂಟಿನ ಅಚ್ಚು ನೋಡಿದ. ನೆನಪಾಯಿತೋ ಇಲ್ಲವೋ ನಾನು ಹೇಳಲಾರೆ. ರೆಫರಿಯ ಕಡೆ ತಿರುಗಿದ. ರೆಫರಿ ನಿಯಮದ ಮನುಷ್ಯ. ಯಾರು ಒರೆಸಬೇಕು ಅಂತ ನಿಯಮದಲ್ಲಿ ಇಲ್ಲ, ಒಣಗಿರಬೇಕು ಅಂತ ಇದೆ ಅಂದ. ಮೇಸ್ತ್ರಿ ತಾನೇ ಒರೆಸಲು ಮುಂದೆ ಬಂದ. ತಮ್ಮ ಅಡ್ಡ ನಿಂತ, ಸತ್ತ ಹಲಗೆಯ ಹತ್ತಿರ ನಿಂತಿದ್ದ ಹಾಗೆ. ಹದಿನೈದು ವರ್ಷದಿಂದ ಬೂಟು ಹಾಕಿಕೊಂಡು, ನಿಂತಲ್ಲಿಂದಲೇ, ಒರೆಸುವವರ ಮೇಲೆ ಕಣ್ಣಿಟ್ಟಿದ್ದ ಮೇಸ್ತ್ರಿಗೆ ಹೇಗೂ ಮಂಡಿಯೂರಲು ಬರುತ್ತಿರಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಥೆಯ ಕೊನೆಯಲ್ಲಿ ಅದನ್ನಿಡಲು ನನಗೆ ಇಷ್ಟವಿಲ್ಲ. ಆ ಪಂದ್ಯ ತಮ್ಮನ ತಂಡ ಸೋತಿತು. ಬಸ್ಸಲ್ಲಿ ಅವನ ಜಾಗ ಉಳಿಯಿತು. ಅಮ್ಮನನ್ನೂ ನನ್ನನ್ನೂ ಮರುದಿನವೇ ಕೆಲಸದಿಂದ ತೆಗೆದರು. ಪತ್ರಿಕೆಯಲ್ಲಿ ದೊಡ್ಡ ಪಟ ಬಂತು, ದೊರೆಯ ಸರಳತೆಗೆ ಸಾಟಿಯಿಲ್ಲ ಅಂತ. ಮುಂಬಾಗಿಲಲ್ಲಿ ಹಳೆಯ ಪಟ ತೆಗೆದು ಇದನ್ನು ಹಾಕಿದ್ದಾರಂತೆ. ಚೌಕಟ್ಟಿಗೆ ಹೊಂದಲಿಲ್ಲ ಅಂತ ಈ ಸಲ ಅಮ್ಮನನ್ನು ಪೂರ್ತಿ ಕತ್ತರಿಸಿದ್ದಾರೆ. ಇರಲಿ. ಕತ್ತರಿಸಿದ್ದನ್ನೆಲ್ಲ ಕೂಡಿಸಲು ಅಜ್ಜಿ ನನಗೆ ಕಲಿಸಿದ್ದಾಳೆ.

ದೊರೆ ಬಟ್ಟೆ ತೆಗೆದುಕೊಂಡ. ನೆಲಕ್ಕೆ ಎಸೆದು ಬೂಟಿನಿಂದ ಅತ್ತ ಇತ್ತ ಉಜ್ಜಿದ. ರೆಫರಿ ಬಗ್ಗಿ ಅಂಗೈ ಇಟ್ಟು ನೋಡಿ ತಲೆ ಅಲ್ಲಾಡಿಸಿದ.

"ಕಾಲಲ್ಲಿ ಹೋಗಲ್ಲ ಸಾರ್" ಅಂದಳು ಅಮ್ಮ. "ಮಂಡಿ ಊರಬೇಕು. ಮೊದಲು ಒದ್ದೆದು, ಆಮೇಲೆ ಒಣದು."

ಕೆಲಸ ಕಲಿಸುವ ದನಿಯಲ್ಲಿ ಹೇಳಿದಳು, ನನಗೂ ತಮ್ಮನಿಗೂ ಹೇಳಿಕೊಟ್ಟ ಹಾಗೆಯೇ. ನಾನು ತೊಡೆಯಡಿಯಿಂದ ನನ್ನ ಒಣ ಬಟ್ಟೆ ತೆಗೆದು ಅವಳಿಗೆ ಕೊಟ್ಟೆ.

ದೊರೆ ಒಂದು ಮಂಡಿ ಊರಿದ. ಪಟ್ಟಿಯೊಳಗೆ ಮೂಳೆ ಲಟಕ್ ಅಂದಿತು. ಇನ್ನೊಂದನ್ನೂ ಊರಿದ. ಅಮ್ಮ ಎಣಿಸತೊಡಗಿದಳು, ಮೆಲ್ಲಗೆ, ಅಭ್ಯಾಸಬಲದಿಂದ. ಮೂರು ನಾಲ್ಕಕ್ಕೆ ಅವನಿನ್ನೂ ಬಟ್ಟೆ ಮಡಚುತ್ತಿದ್ದ. ಏಳಕ್ಕೆ ಆ ನೆರಳಿನ ಹೆಗಲಷ್ಟು ಒರೆಸಿದ್ದ. ಹನ್ನೆರಡಕ್ಕೆ ಅವನ ಹಣೆಯಿಂದ ಒಂದು ಹನಿ ತಮ್ಮನ ಬೆವರಿನ ಮೇಲೆ ಬಿತ್ತು. ಎರಡನ್ನೂ ಸೇರಿಸಿ ಒರೆಸಿದ, ಬೇರೆ ಮಾಡಲು ಆಗುವುದಿಲ್ಲವಲ್ಲ.

"ಅಂಚಲ್ಲಿ ಉಳಿದಿದೆ" ಅಂದಳು ಅಮ್ಮ.

ಅಂಚನ್ನೂ ಒರೆಸಿದ. ಮೂವತ್ತನಾಲ್ಕಕ್ಕೆ ರೆಫರಿ ಬಗ್ಗಿ ಅಂಗೈ ಇಟ್ಟ, ಎತ್ತಿ ನೋಡಿದ. ನೆಲ ಒಣಗಿತ್ತು.